ಅಮೆರಿಕದ ಹಳೆಯ ಕೃಷಿ ಪತ್ರಿಕೆಗಳನ್ನು ಉಡುಪಿಯಲ್ಲಿ ಕುಳಿತು ಓದುವ ಬಗೆ

ಕರಾವಳಿಯ ಕೃಷಿ ಚರಿತ್ರೆಯನ್ನೋ ಪತ್ರಿಕೆಗಳ ಚರಿತ್ರೆಯನ್ನೋ ಅಭ್ಯಾಸ ಮಾಡುವವರಿಗೆ ಒಂದಲ್ಲ ಒಂದು ದಿನ ಎದುರಾಗುವ ಪ್ರಶ್ನೆಯೊಂದಿದೆ: ರೈತನಿಗೆಂದೇ ಒಂದು ಪತ್ರಿಕೆ ಇರಬೇಕು, ಅದರಲ್ಲಿ ರೈತನೇ ತನ್ನ ಅನುಭವವನ್ನು ಬರೆಯಬೇಕು ಎಂಬ ಯೋಚನೆ ಹೇಗೆ ಬೆಳೆದು ಬಂತು? ಪುತ್ತೂರಿನಿಂದ 1988ರಲ್ಲಿ ಹೊರಟ ‘ಅಡಿಕೆ ಪತ್ರಿಕೆ’ಯನ್ನು ಓದುತ್ತ ಬಂದಿರುವ ನಮ್ಮ ಜಿಲ್ಲೆಗಳವರಿಗೆ ಇದು ಸಹಜವಾಗಿಯೇ ಹುಟ್ಟುವ ಪ್ರಶ್ನೆ. ಉತ್ತರ ಹುಡುಕುವವರು ಅಮೆರಿಕದಲ್ಲಿ 1810ರಿಂದ 1860ರವರೆಗೆ ಹೊರಟ ಕೃಷಿ ಪತ್ರಿಕೆಗಳನ್ನು ನೋಡದೆ ಮುಂದೆ ಹೋಗುವಂತಿಲ್ಲ. ಅದೃಷ್ಟವಶಾತ್ ಅವುಗಳ ಬಹುಪಾಲು ಸಂಪುಟಗಳು ಈಗ ಅಂತರ್ಜಾಲದಲ್ಲಿ ಹಣ ಕೊಡದೆಯೇ ಸಿಗುತ್ತವೆ. ಆದರೆ ಪುಟ ಸಿಕ್ಕಿತೆಂದರೆ ಅದನ್ನು ಓದಲು ಬಂದಂತಾಗಲಿಲ್ಲ. ನಾನು ಈ ಪುಟಗಳಲ್ಲಿ ಹಲವು ಮಳೆಗಾಲ ಕಳೆದು ಕಲಿತ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ. ಅದರ ತಿರುಳು ಇಷ್ಟೇ: ಲೇಖನವನ್ನು ಓದುವುದಕ್ಕೆ ಮುಂಚೆ ಪ್ರಕಾಶಕನನ್ನು ಓದಬೇಕು.

ಮೊದಲು ತೆರೆಯಬೇಕಾದ ಸಂಪುಟ

ಅಮೆರಿಕದ ಮೊದಲ ಕೃಷಿ ನಿಯತಕಾಲಿಕವೆಂದು ಸಾಮಾನ್ಯವಾಗಿ ಗುರುತಿಸಲಾಗುವುದು ‘ಅಗ್ರಿಕಲ್ಚರಲ್ ಮ್ಯೂಸಿಯಂ’. ಅಲ್ಲಿನ ಕೃಷಿ ಸಂಘವೊಂದರ ಕಾರ್ಯದರ್ಶಿಯಾಗಿದ್ದ ಡೇವಿಡ್ ವೈಲಿ ಅದನ್ನು 1810ರ ಜುಲೈಯಲ್ಲಿ ಜಾರ್ಜ್‌ಟೌನ್‌ನಿಂದ ಹೊರಡಿಸಿದರು; 1812ರಲ್ಲಿ ಅದು ನಿಂತಿತು. ಹೆಚ್ಚಿನವರು ಕಾಲಾನುಕ್ರಮವನ್ನು ಹಿಡಿದು ಇದರಿಂದಲೇ ಓದು ಆರಂಭಿಸಿ, ಕೆಲವೇ ದಿನಗಳಲ್ಲಿ ಬೇಸತ್ತು ಬಿಡುತ್ತಾರೆ. ಅದು ಸಂಘದ ಸದಸ್ಯರಿಗಾಗಿ ಮಾಡಿದ ಪತ್ರಿಕೆಯಾದ್ದರಿಂದ ಅದರಲ್ಲಿ ಹೊಲದ ಮಣ್ಣಿಗಿಂತ ಸಭೆಯ ಕುರ್ಚಿಯ ವಾಸನೆ ಹೆಚ್ಚು ಎಂದು ನನಗೆ ಅನಿಸಿದೆ.

ಆರಂಭಿಸಬೇಕಾದ್ದು ‘ಅಮೆರಿಕನ್ ಫಾರ್ಮರ್’ನಿಂದ. ಜಾನ್ ಸ್ಟುವರ್ಟ್ ಸ್ಕಿನ್ನರ್ ಎಂಬವರು 1819ರ ಏಪ್ರಿಲ್ 2ರಂದು ಬಾಲ್ಟಿಮೋರ್‌ನಲ್ಲಿ ಇದರ ಮೊದಲ ಸಂಚಿಕೆಯನ್ನು ಹೊರತಂದರು. ಇದು ವಾರಪತ್ರಿಕೆ, ಎಂಟು ಪುಟಗಳ ಸಂಚಿಕೆ, ವರ್ಷಾಂತ್ಯಕ್ಕೆ ಹೊಲಿದು ಪುಸ್ತಕವಾಗಿಸಲು ಅನುಕೂಲವಾಗುವಂತೆ ಮುಂದುವರಿಯುವ ಪುಟಸಂಖ್ಯೆ, ಜೊತೆಗೆ ವಿಷಯಸೂಚಿ. ದೇಶದ ಮಾಜಿ ಅಧ್ಯಕ್ಷರಾದ ಜೆಫರ್ಸನ್ ಮತ್ತು ಮ್ಯಾಡಿಸನ್ ಅವರಂಥವರೊಡನೆ ಸ್ಕಿನ್ನರ್‌ಗೆ ಪತ್ರವ್ಯವಹಾರವಿತ್ತು. ಆದರೆ ಸಾಮಾನ್ಯ ಜಮೀನುದಾರನ ಪತ್ರಕ್ಕೂ ಆ ಪುಟಗಳಲ್ಲಿ ಜಾಗವಿತ್ತು, ಕೊನೆಯಲ್ಲಿ ಮಾರುಕಟ್ಟೆಯ ಧಾರಣೆಯೂ ಇರುತ್ತಿತ್ತು. ಕೃಷಿ ಪತ್ರಿಕೆಯೆಂದರೆ ಹೀಗಿರಬೇಕು ಎಂಬ ಅಚ್ಚು ಇಲ್ಲಿಯೇ ಸಿದ್ಧವಾಯಿತು. ಇದರ ಮೊದಲ ಸಂಪುಟದ ವಿಷಯಸೂಚಿಯನ್ನು ಒಂದು ಸಂಜೆ ಕುಳಿತು ಪೂರ್ತಿ ಓದಿದರೆ ಆ ಕಾಲದ ರೈತನ ತಲೆಯಲ್ಲಿ ಏನೇನು ಓಡುತ್ತಿತ್ತೆಂಬ ಅಂದಾಜು ಸಿಗುತ್ತದೆ.

ಎರಡನೆಯದಾಗಿ ಬಾಸ್ಟನ್‌ನ ‘ನ್ಯೂ ಇಂಗ್ಲೆಂಡ್ ಫಾರ್ಮರ್’ (1822) ಮತ್ತು ರಾಚೆಸ್ಟರ್‌ನ ‘ಜೆನೆಸೀ ಫಾರ್ಮರ್’ (1831) ನೋಡಬಹುದು. ಭತ್ತದ ಊರಿನವರಾದ ನಮಗೆ ಇನ್ನೊಂದು ಒಳ್ಳೆಯ ಬಾಗಿಲೆಂದರೆ ಚಾರ್ಲ್ಸ್‌ಟನ್‌ನಿಂದ 1828ರಲ್ಲಿ ಜೆ. ಡಿ. ಲೆಗಾರೇ ಆರಂಭಿಸಿದ ‘ಸದರ್ನ್ ಅಗ್ರಿಕಲ್ಚರಿಸ್ಟ್’. ಸಮುದ್ರದ ಉಬ್ಬರಕ್ಕೆ ನದಿಯ ಸಿಹಿನೀರು ಮೇಲೇರುವಾಗ ಅದನ್ನು ಮರದ ಬಾಗಿಲುಗಳ ಮೂಲಕ ಗದ್ದೆಗೆ ಬಿಟ್ಟುಕೊಂಡು, ಇಳಿತದ ವೇಳೆ ಹೊರಗೆ ಹರಿಸುವ ಕೆರೊಲಿನಾ ತೀರದ ಬೇಸಾಯದ ವಿವರಗಳು ಅದರಲ್ಲಿವೆ. ಉಪ್ಪುನೀರು ಒಳನುಗ್ಗದಂತೆ ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕುವುದನ್ನು ನೋಡಿದವರಿಗೆ ಆ ಪುಟಗಳಲ್ಲಿ ಅರ್ಧದಷ್ಟನ್ನು ಯಾರೂ ವಿವರಿಸಬೇಕಾಗಿಲ್ಲ.

ಹುಡುಕುವ ಸ್ಥಳಗಳು ಹೆಚ್ಚೇನಿಲ್ಲ. ‘ಇಂಟರ್ನೆಟ್ ಆರ್ಕೈವ್’, ‘ಹಾತಿಟ್ರಸ್ಟ್’, ‘ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿ’ ಈ ಮೂರರಲ್ಲಿ ಬೇಕಾದದ್ದರ ಬಹುಭಾಗ ಸಿಗುತ್ತದೆ. ಷಿಕಾಗೋದ ‘ಪ್ರೇರೀ ಫಾರ್ಮರ್’ ಬೇಕಿದ್ದರೆ ಇಲಿನಾಯ್ ವಿಶ್ವವಿದ್ಯಾನಿಲಯದ ಡಿಜಿಟಲ್ ಪತ್ರಿಕಾ ಸಂಗ್ರಹಕ್ಕೆ ಹೋಗಬೇಕು. ಆಟಿ ತಿಂಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದ ಕಾಲ, ಆದರೆ ಅದೇ ತಿಂಗಳಲ್ಲಿ ಕರೆಂಟು ನೆಚ್ಚುವಂತಿಲ್ಲವಾದ್ದರಿಂದ ಸಂಪುಟಗಳನ್ನು ಮೇ ತಿಂಗಳಲ್ಲಿಯೇ ಇಳಿಸಿಟ್ಟುಕೊಳ್ಳುವುದು ಒಳ್ಳೆಯದು.

ಪ್ರಕಾಶಕನ ಅಂಗಡಿ ಯಾವುದು ಎಂದು ಕೇಳಿ

ಒಂದು ಪತ್ರಿಕೆಯನ್ನು ತೆರೆದ ಕೂಡಲೇ ಒಂದು ಹಾಳೆಯಲ್ಲಿ ಮೂರು ಪ್ರಶ್ನೆಗಳಿಗೆ ಉತ್ತರ ಬರೆದಿಡಬೇಕು. ಇದನ್ನು ಹೊರಡಿಸುವವನು ಮೊದಲು ಏನಾಗಿದ್ದ? ಈಗ ಪತ್ರಿಕೆಯ ಜೊತೆಗೆ ಇನ್ನೇನು ಮಾರುತ್ತಿದ್ದಾನೆ? ಇವನ ಹಿಂದೆ ನಿಂತು ಖರ್ಚು ವಹಿಸುತ್ತಿರುವ ಸಂಘವೋ ಸರಕಾರವೋ ಇದೆಯೇ? ಕೇವಲ ಸಂಪಾದಕರ ಹೆಸರುಗಳನ್ನು ನೋಡಿದರೆ ಇವರೆಲ್ಲ ಕೃಷಿಕರೆಂಬ ಭ್ರಮೆ ಹುಟ್ಟುತ್ತದೆ, ಮತ್ತು ಆ ಭ್ರಮೆಯನ್ನು ಅವರೇ ಸಾಕಿ ಬೆಳೆಸಿದ್ದರು.

ಕೆಲವರನ್ನು ನೋಡಿ. ಸ್ಕಿನ್ನರ್ ವಕೀಲರು, ಬಾಲ್ಟಿಮೋರ್‌ನ ಅಂಚೆ ಮುಖ್ಯಸ್ಥರು. 1814ರಲ್ಲಿ, ಮುಂದೆ ಅಮೆರಿಕದ ರಾಷ್ಟ್ರಗೀತೆಯಾದ ಕವಿತೆಯನ್ನು ಬರೆದ ಫ್ರಾನ್ಸಿಸ್ ಸ್ಕಾಟ್ ಕೀ ಬ್ರಿಟಿಷ್ ನೌಕಾಪಡೆಯ ಬಳಿಗೆ ಹೋದಾಗ ಜೊತೆಗಿದ್ದ ಅಧಿಕಾರಿ ಇವರೇ. ಆಲ್ಬನಿಯಲ್ಲಿ 1819ರಲ್ಲಿಯೇ ‘ಪ್ಲೌ ಬಾಯ್’ ಎಂಬ ಪತ್ರಿಕೆ ಹೊರಡಿಸಿದ ಸಾಲೊಮನ್ ಸೌತ್‌ವಿಕ್ ರಾಜಕೀಯ ಪತ್ರಿಕೆ ನಡೆಸಿ ಪಳಗಿದವರು. ಕೃಷಿಕರ ಮುಂದೆ ಬಂದಾಗ ‘ಹೆನ್ರಿ ಹೋಮ್‌ಸ್ಪನ್’ ಎಂಬ ಹಳ್ಳಿಯ ಹೆಸರಿನ ಮುಖವಾಡ ತೊಟ್ಟರು. ಹೋಮ್‌ಸ್ಪನ್ ಎಂದರೆ ಮನೆಯಲ್ಲಿ ನೂತ ನೂಲಿನ ಬಟ್ಟೆ. ‘ನ್ಯೂ ಇಂಗ್ಲೆಂಡ್ ಫಾರ್ಮರ್’ನ ಸಂಪಾದಕ ಥಾಮಸ್ ಗ್ರೀನ್ ಫೆಸೆಂಡೆನ್ ವಕೀಲಿ ಓದಿ ವಿಡಂಬನ ಕಾವ್ಯ ಬರೆಯುತ್ತಿದ್ದವರು. ಅವರ ಪತ್ರಿಕೆಯ ಮಾತಿನ ಲವಲವಿಕೆಗೆ ಆ ಕವಿಯ ಕೈ ಕಾರಣ. ಅವರ ಸಲಹೆಗಳನ್ನು ಎರಡು ಬಾರಿ ತೂಗಿ ನೋಡಬೇಕಾಗಿರುವುದಕ್ಕೂ ಅದೇ ಕಾರಣ. 1837ರಲ್ಲಿ ತೀರಿಕೊಳ್ಳುವವರೆಗೂ ಅವರು ಆ ಕುರ್ಚಿಯಲ್ಲಿದ್ದರು.

ಜೆಸ್ಸಿ ಬ್ಯೂಯಲ್ ಅವರ ಕಥೆ ಸ್ವಲ್ಪ ಬೇರೆ. ಮುದ್ರಕರಾಗಿ ಬದುಕು ಕಟ್ಟಿಕೊಂಡು, 1813ರಲ್ಲಿ ‘ಆಲ್ಬನಿ ಆರ್ಗಸ್’ ಎಂಬ ರಾಜಕೀಯ ಪತ್ರಿಕೆ ಸ್ಥಾಪಿಸಿ, ಬಳಿಕ ಅದನ್ನು ಬಿಟ್ಟು ಆಲ್ಬನಿಯ ಹೊರವಲಯದಲ್ಲಿ ಯಾರಿಗೂ ಬೇಡವಾಗಿದ್ದ ಮರಳು ಭೂಮಿಯಲ್ಲಿ ತಾವೇ ಬೇಸಾಯಕ್ಕಿಳಿದರು. ಅಲ್ಲಿ ಗೆದ್ದ ಮೇಲೆ, ನ್ಯೂಯಾರ್ಕ್ ರಾಜ್ಯದ ಕೃಷಿ ಸಂಘದ ಆಶ್ರಯದಲ್ಲಿ 1834ರ ಮಾರ್ಚ್‌ನಲ್ಲಿ ‘ಕಲ್ಟಿವೇಟರ್’ ಆರಂಭಿಸಿದರು. ಆರಂಭದ ವಾರ್ಷಿಕ ಚಂದಾ 50 ಸೆಂಟ್. ಅಗ್ಗದ ಪತ್ರಿಕೆಯೊಂದನ್ನು ನಿಜವಾದ ಬೇಸಾಯಗಾರನೊಬ್ಬ ಬರೆದರೆ ಭಾಷೆಯೇ ಬದಲಾಗುತ್ತದೆ ಎಂಬುದಕ್ಕೆ ಸ್ಕಿನ್ನರ್ ಪುಟವೊಂದನ್ನೂ ಬ್ಯೂಯಲ್ ಪುಟವೊಂದನ್ನೂ ಅಕ್ಕಪಕ್ಕ ಇಟ್ಟು ಓದಿದರೆ ಸಾಕು.

ಇನ್ನು ಅಂಗಡಿಯ ವಿಚಾರ. ‘ನ್ಯೂ ಇಂಗ್ಲೆಂಡ್ ಫಾರ್ಮರ್’ನ ಪ್ರಕಾಶಕ ಜಾನ್ ಬಿ. ರಸೆಲ್ ಪತ್ರಿಕೆಯ ಕಚೇರಿಗೆ ಸೇರಿದಂತೆಯೇ ಬೀಜದ ಮಳಿಗೆ ನಡೆಸಿದರು. ಆ ವ್ಯವಹಾರ ಮುಂದೆ ಜೋಸೆಫ್ ಬ್ರೆಕ್ ಅವರ ಕೈಗೆ ಹೋಯಿತು. ನ್ಯೂಯಾರ್ಕ್‌ನಲ್ಲಿ 1842ರಲ್ಲಿ ‘ಅಮೆರಿಕನ್ ಅಗ್ರಿಕಲ್ಚರಿಸ್ಟ್’ ಸ್ಥಾಪಿಸಿದ ಆಲೆನ್ ಸಹೋದರರದು ಕೃಷಿ ಉಪಕರಣಗಳ ಮಳಿಗೆ. ಹೊಸ ಟರ್ನಿಪ್ ತಳಿಯೊಂದನ್ನೋ ಹೊಸ ನೇಗಿಲೊಂದನ್ನೋ ಹೊಗಳಿದ ಲೇಖನ ಕಂಡಾಗ, ಅದೇ ಸಂಚಿಕೆಯ ಕೊನೆಯ ಪುಟಕ್ಕೆ ಹೋಗಿ ಆ ವಸ್ತು ಎಲ್ಲಿ ಮಾರಾಟಕ್ಕಿದೆ ಎಂದು ನೋಡಿ. ಹಾಗೆಂದು ಹೊಗಳಿಕೆ ಸುಳ್ಳೆಂದು ಒಮ್ಮೆಲೇ ತೀರ್ಮಾನಿಸುವುದೂ ಸರಿಯಲ್ಲ. ಒಳ್ಳೆಯ ಬೀಜ ಸಿಗದ ಕಾಲದಲ್ಲಿ ಅದನ್ನು ತರಿಸಿ ಮಾರುವವನೇ ಅದರ ಗುಣವನ್ನು ಚೆನ್ನಾಗಿ ಬಲ್ಲವನೂ ಆಗಿರುತ್ತಿದ್ದ. 1856ರಲ್ಲಿ ‘ಅಮೆರಿಕನ್ ಅಗ್ರಿಕಲ್ಚರಿಸ್ಟ್’ನ ಒಡೆತನ ಪಡೆದ ಆರೆಂಜ್ ಜಡ್ ಎಂಬವರು ಮೋಸದ ವ್ಯಾಪಾರಗಳನ್ನು ಬಯಲಿಗೆಳೆಯುವ ಅಂಕಣವನ್ನೇ ನಡೆಸಿ, ನಕಲಿ ಔಷಧಗಳ ಜಾಹೀರಾತನ್ನು ಹೊರಗಿಟ್ಟು, ಆ ನಂಬಿಕೆಯ ಬಲದಿಂದಲೇ 1860ರ ದಶಕದಲ್ಲಿ ಒಂದು ಲಕ್ಷ ಮೀರಿದ ಪ್ರಸಾರ ಸಂಪಾದಿಸಿದರು.

ಮಲ್ಬೆರಿ ಹುಚ್ಚನ್ನು ಈ ದೃಷ್ಟಿಯಿಂದ ಓದಿದರೆ ಪಾಠ ಮನಸ್ಸಿಗೆ ನಾಟುತ್ತದೆ. ‘ಮೋರಸ್ ಮಲ್ಟಿಕಾಲಿಸ್’ ಎಂಬ ಹಿಪ್ಪುನೇರಳೆ ತಳಿ 1830ರ ದಶಕದಲ್ಲಿ ಅಮೆರಿಕದ ರೈತರನ್ನು ಹಿಡಿದು ಕುಣಿಸಿತು. ರೇಷ್ಮೆ ಬೆಳೆಯುವುದು ಹೆಸರಿಗೆ ಮಾತ್ರ. ನಿಜವಾದ ವ್ಯಾಪಾರ ನಡೆದದ್ದು ಗಿಡದಿಂದ ಗಿಡ ಮಾಡಿ ನೆರೆಯವನಿಗೆ ಮಾರುವುದರಲ್ಲಿ. 1839ರಲ್ಲಿ ಬೆಲೆ ಕುಸಿದು ಗಿಡ ಕೇಳುವವರೇ ಇಲ್ಲವಾದರು. ಸ್ಕಿನ್ನರ್ ನಂತರ ‘ಅಮೆರಿಕನ್ ಫಾರ್ಮರ್’ ವಹಿಸಿಕೊಂಡಿದ್ದ ಗಿಡಿಯನ್ ಸ್ಮಿತ್ ರೇಷ್ಮೆಯ ದೊಡ್ಡ ಪ್ರಚಾರಕರು, ಆ ಕುಸಿತದ ವರ್ಷದಲ್ಲಿಯೇ ರೇಷ್ಮೆಗೆಂದೇ ಮೀಸಲಾದ ಪತ್ರಿಕೆಯ ಸಂಪಾದಕರು. ಎರಡು ಸಾವಿರದ ದಶಕದ ಆರಂಭದಲ್ಲಿ ನಮ್ಮ ತೋಟಗಳಿಗೆ ವೆನಿಲ್ಲಾ ಬಳ್ಳಿ ಹೇಗೆ ಬಂತು, ಕೋಡಿಗಿಂತ ಬಳ್ಳಿಯ ತುಂಡು ಹೇಗೆ ಕೈಯಿಂದ ಕೈಗೆ ಓಡಿತು ಎಂಬುದನ್ನು ಕಂಡವರು ಈ ಸಂಪುಟಗಳನ್ನು ನಗುತ್ತಲೂ ನಿಟ್ಟುಸಿರಿಡುತ್ತಲೂ ಓದುತ್ತಾರೆ. ಓದುವ ಕ್ರಮ ಹೀಗಿರಲಿ: 1836ರಿಂದ 1840ರವರೆಗಿನ ಯಾವುದಾದರೂ ಒಂದು ಪತ್ರಿಕೆಯ ಜಾಹೀರಾತುಗಳನ್ನು ಮಾತ್ರ ಮೊದಲು ನೋಡಿ, ಗಿಡದ ಬೆಲೆ ಬರೆದುಕೊಳ್ಳಿ, ಆಮೇಲೆ ಅದೇ ತಿಂಗಳುಗಳ ಸಂಪಾದಕೀಯಗಳನ್ನು ಓದಿ. ಯಾವ ಸಂಪಾದಕ ಯಾವಾಗ ಎಚ್ಚರಿಸಿದ, ಯಾವಾಗ ಸುಮ್ಮನಾದ ಎಂಬುದು ಆಗ ತಾನಾಗಿ ಎದ್ದು ಕಾಣುತ್ತದೆ.

ಅಂಚೆಯ ಲೆಕ್ಕ

ಈ ಪತ್ರಿಕೆಗಳ ಆಕಾರ, ಬೆಲೆ, ಕೊನೆಗೆ ಒಳಗಿನ ಬರಹ ಕೂಡ ಅಂಚೆಯ ಕಾನೂನಿನಿಂದ ರೂಪುಗೊಂಡದ್ದು. 1792ರ ಕಾನೂನಿನಂತೆ ವೃತ್ತಪತ್ರಿಕೆಯೊಂದಕ್ಕೆ 100 ಮೈಲಿಯವರೆಗೆ 1 ಸೆಂಟ್, ಅದರಾಚೆಗೆ ಒಂದೂವರೆ ಸೆಂಟ್ ಮಾತ್ರ. ಮಾಸಿಕ, ಪುಸ್ತಿಕೆಗಳಿಗೆ ದರ ಇದಕ್ಕಿಂತ ಹೆಚ್ಚು. ಆದ್ದರಿಂದಲೇ ಪುಸ್ತಕವಾಗಿ ಕಟ್ಟಿಡುವ ಉದ್ದೇಶದ ಬರಹಗಳೂ ವೃತ್ತಪತ್ರಿಕೆಯ ರೂಪ ಧರಿಸಿ ಪ್ರಯಾಣ ಮಾಡಿದವು. ಕಾಗದವೊಂದಕ್ಕೆ ಮಾತ್ರ ಕೈ ಸುಡುವ ದರ: 1816ರಿಂದ 1845ರವರೆಗೆ 400 ಮೈಲಿಗಿಂತ ದೂರಕ್ಕೆ ಒಂದೇ ಹಾಳೆಯ ಪತ್ರಕ್ಕೆ 25 ಸೆಂಟ್. ಚಂದಾ ಹಣವನ್ನು ಪತ್ರದಲ್ಲಿಟ್ಟು ಕಳುಹಿಸುವ ರೈತ ಇದನ್ನು ಭರಿಸುವುದೆಂತು? ಆದರೆ ಅಂಚೆ ಮುಖ್ಯಸ್ಥನಿಗೆ ಪತ್ರವನ್ನು ಉಚಿತವಾಗಿ ಕಳುಹಿಸುವ ಹಕ್ಕಿತ್ತು. ಹಳ್ಳಿಯ ಅಂಚೆ ಮುಖ್ಯಸ್ಥರೇ ಈ ಪತ್ರಿಕೆಗಳ ಏಜೆಂಟರಾದದ್ದರ ಗುಟ್ಟು ಅದು. ಬಾಲ್ಟಿಮೋರ್‌ನ ಅಂಚೆ ಮುಖ್ಯಸ್ಥನೇ ಮೊದಲ ಯಶಸ್ವಿ ಕೃಷಿ ಪತ್ರಿಕೆಯ ಒಡೆಯನಾದದ್ದು ಕಾಕತಾಳೀಯವೆಂದು ನಂಬಲು ನಾನಂತೂ ಸಿದ್ಧನಿಲ್ಲ.

ಅಂಚೆಯ ಇನ್ನೊಂದು ಸೌಲಭ್ಯ ಓದುಗನಿಗೆ ಇನ್ನೂ ಮುಖ್ಯವಾದದ್ದು. ಒಬ್ಬ ಪತ್ರಿಕೆಯವನು ಇನ್ನೊಬ್ಬ ಪತ್ರಿಕೆಯವನಿಗೆ ತನ್ನ ಸಂಚಿಕೆಯನ್ನು ಅಂಚೆಯಲ್ಲಿ ಬಿಟ್ಟಿಯಾಗಿ ಕಳುಹಿಸಬಹುದಾಗಿತ್ತು. ಹೀಗೆ ಬಂದ ಪತ್ರಿಕೆಗಳಿಂದ ಕತ್ತರಿ ಹಾಕಿ ಪುಟ ತುಂಬಿಸುವುದು ಎಲ್ಲರ ರೂಢಿ. ಮೈನ್ ರಾಜ್ಯದ ರೈತನ ಅನುಭವವೆಂದು ನೀವು ಓದುತ್ತಿರುವುದು ರಾಚೆಸ್ಟರ್‌ನಿಂದ ಎತ್ತಿದ್ದು, ರಾಚೆಸ್ಟರ್‌ನವರು ಬಾಲ್ಟಿಮೋರ್‌ನಿಂದ ಎತ್ತಿದ್ದು, ಅಲ್ಲಿಗೆ ಅದು ಎಡಿನ್‌ಬರೋದ ಪತ್ರಿಕೆಯೊಂದರಿಂದ ಬಂದದ್ದು ಎಂದಾಗುವುದು ಅಪರೂಪವಲ್ಲ. ಆದ್ದರಿಂದ ಯಾವ ಲೇಖನವನ್ನೂ ಅದು ಅಚ್ಚಾದ ಊರಿನ ಅನುಭವವೆಂದು ಕೂಡಲೇ ಬರೆದುಕೊಳ್ಳಬಾರದು. ಲೇಖನದಲ್ಲಿರುವ ಅಸಾಮಾನ್ಯವಾದ ನಾಲ್ಕೈದು ಪದಗಳ ಒಂದು ತುಣುಕನ್ನು ಉದ್ಧರಣ ಚಿಹ್ನೆಯೊಳಗಿಟ್ಟು ‘ಹಾತಿಟ್ರಸ್ಟ್’ನ ಪೂರ್ಣಪಠ್ಯ ಹುಡುಕಾಟದಲ್ಲಿ ಹಾಕಿ, ಸಿಕ್ಕಿದ್ದನ್ನೆಲ್ಲ ತಾರೀಕಿನ ಪ್ರಕಾರ ಜೋಡಿಸಿಕೊಂಡರೆ ಮೂಲ ಸಾಮಾನ್ಯವಾಗಿ ಪತ್ತೆಯಾಗುತ್ತದೆ. ಮೂಲಕ್ಕೂ ನಕಲಿಗೂ ನಡುವೆ ಯಾವ ಸಾಲು ಬಿಟ್ಟುಹೋಗಿದೆ ಎಂಬುದನ್ನೂ ಗಮನಿಸಬೇಕು. ‘ನಮ್ಮಲ್ಲಿ ಇದು ಸೋತಿತು’ ಎಂಬ ಸಾಲು ದಾರಿಯಲ್ಲಿ ಉದುರಿಹೋದ ಉದಾಹರಣೆ ನನ್ನ ಟಿಪ್ಪಣಿಯಲ್ಲೇ ಇದೆ.

ಪದಗಳು, ಅಳತೆಗಳು

ನಾನು ಎಡವಿದ ಜಾಗ ‘ಕಾರ್ನ್’. ಅಮೆರಿಕದವರಿಗೆ ಅದು ಮುಸುಕಿನ ಜೋಳ, ಬ್ರಿಟನ್ನಿನವರಿಗೆ ಗೋಧಿ, ಬಾರ್ಲಿ, ಓಟ್ಸ್ ಯಾವುದೂ ಆಗಬಹುದು. ಅಮೆರಿಕದ ಪತ್ರಿಕೆಯಲ್ಲಿದ್ದ ಲೇಖನವೊಂದನ್ನು ಮುಸುಕಿನ ಜೋಳದ್ದೆಂದು ನಂಬಿ ಎರಡು ಪುಟ ಟಿಪ್ಪಣಿ ಬರೆದು, ಒಂದು ಗೋಷ್ಠಿಯಲ್ಲಿ ಓದಿಯೂ ಬಿಟ್ಟಿದ್ದೆ. ಅದು ಸ್ಕಾಟ್ಲೆಂಡಿನಿಂದ ಎತ್ತಿದ ಬರಹ, ಮಾತು ಓಟ್ಸ್ ಕುರಿತಾದದ್ದು ಎಂದು ತಿಳಿದದ್ದು ಆರು ತಿಂಗಳ ಮೇಲೆ. ‘ಇಂಡಿಯನ್ ಕಾರ್ನ್’ ಎಂದಿದ್ದರೆ ಮುಸುಕಿನ ಜೋಳವೆಂಬುದು ಖಚಿತ. ಬರಿಯ ‘ಕಾರ್ನ್’ ಕಂಡಾಗ ಮೂಲ ಯಾವ ದೇಶದ್ದೆಂದು ನೋಡಬೇಕು. ಹಾಗೆಯೇ ‘ಪ್ಲಾಸ್ಟರ್’ ಎಂದರೆ ಗೋಡೆಯ ಗಾರೆಯಲ್ಲ, ಹೊಲಕ್ಕೆ ಎರಚುವ ಜಿಪ್ಸಂ. ‘ಮಕ್’ ಎಂದರೆ ಹೆಚ್ಚಾಗಿ ಜೌಗಿನಿಂದ ಅಗೆದು ತೆಗೆದ ಕಪ್ಪು ಕೊಳೆತ ಮಣ್ಣು. ದಕ್ಷಿಣದ ರಾಜ್ಯಗಳ ಪತ್ರಿಕೆಗಳಲ್ಲಿ ಬರುವ ‘ಹ್ಯಾಂಡ್ಸ್’ ಎಂಬ ಪದದ ಎದುರು ನಿಲ್ಲಲೇಬೇಕು. ಎಕರೆಗೆ ಇಷ್ಟು ‘ಕೈಗಳು’ ಎಂದು ತಣ್ಣಗೆ ಲೆಕ್ಕ ಕೊಡುವಾಗ ಅದು ಹೇಳುತ್ತಿರುವುದು ಹೆಚ್ಚಾಗಿ ಗುಲಾಮರನ್ನು. ಕೆರೊಲಿನಾದ ಭತ್ತದ ಗದ್ದೆಗಳ ಕಟ್ಟೆ ಕಟ್ಟಿದವರು, ಬಾಗಿಲು ಎತ್ತಿಳಿಸಿದವರು ಆಫ್ರಿಕಾ ಮೂಲದ ಆ ಜನರೇ. ಪುಟದ ಮೇಲೆ ಸಹಿ ಮಾತ್ರ ಒಡೆಯನದು. ನಮ್ಮ ಊರಿನ ಹಳೆಯ ಜಮೀನು ಕಾಗದಗಳಲ್ಲಿ ‘ಮೂಲದಾಳು’ ಎಂಬ ಪದವನ್ನು ಓದಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಅಳತೆಗಳ ವಿಷಯದಲ್ಲಿ ನಮಗೊಂದು ಅನುಕೂಲವಿದೆ. ಕರಾವಳಿಯಲ್ಲಿ ಎಕರೆಯನ್ನು 100 ಸೆಂಟ್ಸ್ ಎಂದು ಲೆಕ್ಕ ಹಾಕುವ ರೂಢಿ ಇರುವುದರಿಂದ ಅವರ ‘ಚದರ ರಾಡ್’ ಸುಲಭವಾಗಿ ಇಳಿಯುತ್ತದೆ: ಎಕರೆಗೆ 160 ಚದರ ರಾಡ್, ಅಂದರೆ 8 ಚದರ ರಾಡ್‌ಗೆ ನಮ್ಮ 5 ಸೆಂಟ್ಸ್. ಬಹುಮಾನದ ಬೆಳೆಗಳ ವರದಿಗಳಲ್ಲಿ ಬೆಳೆದ ಜಾಗ ಎಷ್ಟು ಚಿಕ್ಕದೆಂಬುದು ಈ ಲೆಕ್ಕದಿಂದ ಬಯಲಾಗುತ್ತದೆ. ಹತ್ತು ಸೆಂಟ್ಸ್ ಜಾಗದ ಇಳುವರಿಯನ್ನು ಎಕರೆಗೆ ಹಿಗ್ಗಿಸಿ ಹೇಳುವ ಚಪಲ ಎಲ್ಲ ದೇಶದವರಿಗೂ ಇದೆ. ಬುಷೆಲ್ ಎಂಬುದು ತೂಕವಲ್ಲ, ನಮ್ಮ ಕಳಸಿಗೆಯಂತೆ ಅಳೆಯುವ ಪಾತ್ರೆಯ ಲೆಕ್ಕ, ಸುಮಾರು 35 ಲೀಟರ್. ಗೋಧಿಯಾದರೆ ಅದು 27 ಕಿಲೊ, ಬಿಡಿಸಿದ ಜೋಳವಾದರೆ 25 ಕಿಲೊದಷ್ಟು. ತೆನೆಯನ್ನೇ ಅಳೆದಿದ್ದರೆ ಕಾಳು ಅದರ ಅರ್ಧ ಮಾತ್ರ, ಮತ್ತು ತೆನೆಯೋ ಕಾಳೋ ಎಂಬುದನ್ನು ಬರೆದವರು ಮರೆಯುವುದುಂಟು. ಅಕ್ಕಿಯನ್ನು ‘ಟಿಯರ್ಸ್’ ಎಂಬ ಪೀಪಾಯಿಯಲ್ಲಿ ತುಂಬುತ್ತಿದ್ದರು, ಸುಮಾರು 600 ಪೌಂಡ್. ನಮ್ಮ ಬೈಹುಲ್ಲಿನ ಮುಡಿಯ ದೂರದ ನೆಂಟ.

ಹಣದಲ್ಲಿ ಇನ್ನೊಂದು ಗೋಜಲು. ಡಾಲರ್ ಬಂದು ದಶಕಗಳಾದ ಮೇಲೂ ಜನ ಷಿಲಿಂಗ್‌ನಲ್ಲಿ ಮಾತಾಡುತ್ತಿದ್ದರು. ನ್ಯೂಯಾರ್ಕ್‌ನಲ್ಲಿ ಡಾಲರಿಗೆ 8 ಷಿಲಿಂಗ್, ಅಂದರೆ ಒಂದಕ್ಕೆ ಹನ್ನೆರಡೂವರೆ ಸೆಂಟ್; ನ್ಯೂ ಇಂಗ್ಲೆಂಡಿನಲ್ಲಿ ಡಾಲರಿಗೆ 6, ಅಂದರೆ ಸುಮಾರು ಹದಿನಾರೂ ಮುಕ್ಕಾಲು ಸೆಂಟ್. ಒಂದು ಪತ್ರಿಕೆಯ ಧಾರಣೆಯನ್ನು ಇನ್ನೊಂದರ ಜೊತೆ ಹೋಲಿಸುವ ಮುನ್ನ ಇದನ್ನು ಸರಿಪಡಿಸಿಕೊಳ್ಳದಿದ್ದರೆ ಇಲ್ಲದ ಲಾಭ ಕಾಣಿಸುತ್ತದೆ. ಊಟ ವಸತಿಯ ಜೊತೆಗೆ ಕೂಲಿಯವನಿಗೆ ತಿಂಗಳಿಗೆ ಸುಮಾರು 10 ಡಾಲರ್ ಸಿಗುತ್ತಿದ್ದ ಕಾಲದಲ್ಲಿ, ವರ್ಷಕ್ಕೆ ನಾಲ್ಕೈದು ಡಾಲರ್ ಚಂದಾ ಕೇಳಿದ ಆರಂಭದ ಪತ್ರಿಕೆಗಳನ್ನು ಯಾರು ಓದಿರಬಹುದು, 50 ಸೆಂಟಿನ ‘ಕಲ್ಟಿವೇಟರ್’ ಬಂದಾಗ ಏನಾಗಿರಬಹುದು ಎಂದು ಊಹಿಸಲು ಹಣದ ಈ ತಿಳಿವಳಿಕೆ ಬೇಕೇ ಬೇಕು.

ಹುಡುಕುವಾಗ ಒಂದು ಎಚ್ಚರ: ಯಂತ್ರ ಓದಿದ ಪಠ್ಯ ಮೂರು ಅಂಕಣಗಳ ಸಾಲುಗಳನ್ನು ಅಡ್ಡಡ್ಡ ಬೆರೆಸುತ್ತದೆ, ಕಾಗುಣಿತವೂ ಆ ಕಾಲದಲ್ಲಿ ಸ್ಥಿರವಾಗಿರಲಿಲ್ಲ. ನೇಗಿಲಿಗೂ ಜಿಪ್ಸಂಗೂ ಎರಡೆರಡು ಕಾಗುಣಿತ ಹಾಕಿ ಹುಡುಕಬೇಕು. ಏನೂ ಸಿಗದಿದ್ದರೆ ವಿಷಯಸೂಚಿಯನ್ನು ಕಣ್ಣಿನಿಂದ ಓದುವುದೇ ವೇಗದ ದಾರಿ.

ಒಂದು ಲೇಖನಮಾಲೆಯನ್ನು ಓದಿ ನೋಡುವುದು: ಸುಣ್ಣ

ಮೇಲಿನದೆಲ್ಲವನ್ನೂ ಒಂದೇ ವಿಷಯದ ಮೇಲೆ ಪ್ರಯೋಗಿಸಿ ನೋಡಲು ನಮ್ಮ ಮಣ್ಣಿಗೆ ಹತ್ತಿರವಾದದ್ದೆಂದರೆ ಸುಣ್ಣದ ಚರ್ಚೆ. ವರ್ಜೀನಿಯದ ಎಡ್ಮಂಡ್ ರಫಿನ್ ತನ್ನ ಬಡಕಲು ಹೊಲಕ್ಕೆ ಎಷ್ಟು ಗೊಬ್ಬರ ಸುರಿದರೂ ಫಲ ಕಾಣದೆ, ಮಣ್ಣಿನ ಹುಳಿಯೇ ದೋಷವೆಂದು ಊಹಿಸಿದ. ಅಲ್ಲಿಯ ನೆಲದಡಿಯಲ್ಲಿ ಪ್ರಾಚೀನ ಸಮುದ್ರದ ಚಿಪ್ಪುಗಳು ತುಂಬಿದ ‘ಮಾರ್ಲ್’ ಎಂಬ ಪದರವಿತ್ತು. ಅದನ್ನು ಅಗೆದು ಹೊಲಕ್ಕೆ ಹಾಕಿದಾಗ ಮೊದಲು ಹಾಕಿದ್ದ ಗೊಬ್ಬರವೂ ಕೆಲಸ ಮಾಡತೊಡಗಿತು. ಈ ಶೋಧವನ್ನು ಅವನು 1821ರಲ್ಲಿ ‘ಅಮೆರಿಕನ್ ಫಾರ್ಮರ್’ನಲ್ಲಿ ಪ್ರಕಟಿಸಿದ, 1833ರಲ್ಲಿ ‘ಫಾರ್ಮರ್ಸ್ ರಿಜಿಸ್ಟರ್’ ಎಂಬ ತನ್ನದೇ ಪತ್ರಿಕೆ ತೆರೆದು, ಮೊದಲು ಶೆಲ್‌ಬ್ಯಾಂಕ್ಸ್ ಎಂಬ ತನ್ನ ಜಮೀನಿನಲ್ಲಿಯೇ ಅಚ್ಚು ಹಾಕಿಸಿದ.

ಗಜನಿ ಬದಿಯ ಊರುಗಳಲ್ಲಿ ಮರುವಾಯಿ ಚಿಪ್ಪನ್ನು ಸುಟ್ಟು ಸುಣ್ಣ ಮಾಡುವುದನ್ನೂ, ಜಂಬಿಟ್ಟಿಗೆ ಮಣ್ಣಿನ ಅಡಿಕೆ ತೋಟಕ್ಕೆ ಸುಣ್ಣ ಹಾಕುವುದನ್ನೂ ಕಂಡವರಿಗೆ ರಫಿನ್‌ನ ಮಾತು ಪರಕೀಯವೆನಿಸದು. ಆದರೆ ಓದುವ ಕ್ರಮ ಬಿಡಬಾರದು. ಪ್ರಕಾಶಕ ಯಾರು? ತನ್ನ ಸಿದ್ಧಾಂತವೊಂದನ್ನು ಸಾಧಿಸಲೆಂದೇ ಪತ್ರಿಕೆ ನಡೆಸಿದವನು, ಗುಲಾಮರ ಒಡೆಯ, ಮುಂದೆ ಗುಲಾಮಗಿರಿಯ ಪರವಾಗಿ ದೇಶ ಒಡೆಯಬೇಕೆಂದು ವಾದಿಸಿದವರಲ್ಲಿ ಮುಂಚೂಣಿಯವನು. ಮಾರ್ಲ್ ಅಗೆದವರು ಯಾರೆಂಬುದು ಲೇಖನದ ಲೆಕ್ಕದಲ್ಲಿ ‘ಹ್ಯಾಂಡ್ಸ್’ ಎಂದಷ್ಟೇ ಬರುತ್ತದೆ. ಪತ್ರಿಕೆ ಏಕೆ ನಿಂತಿತು? ಬ್ಯಾಂಕುಗಳ ಮೇಲೆ ಅವನು ನಡೆಸಿದ ಜಗಳ ಕೃಷಿಯ ಪುಟಗಳನ್ನು ನುಂಗುತ್ತ ಬಂದು 1842ಕ್ಕೆ ‘ಫಾರ್ಮರ್ಸ್ ರಿಜಿಸ್ಟರ್’ ಮುಗಿಯಿತು. ಕೊನೆಯ ಸಂಪುಟಗಳನ್ನು ತೆರೆದವರು ಗೊಬ್ಬರ ಹುಡುಕಿ ನೋಟಿನ ಚರ್ಚೆ ಓದಬೇಕಾಗುತ್ತದೆ. ಅಳತೆಯೇನು? ಎಕರೆಗೆ ನೂರಾರು ಬುಷೆಲ್ ಎನ್ನುವಾಗ ಅದು ಸುಡದ ಚಿಪ್ಪು ಬೆರೆತ ಮಣ್ಣು, ಭಟ್ಟಿಯಿಂದ ಬಂದ ಸುಣ್ಣವಲ್ಲ. ಶುದ್ಧ ಚಿಪ್ಪು 100 ಕಿಲೊ ಸುಟ್ಟರೆ ಉಳಿಯುವ ಸುಣ್ಣ 56 ಕಿಲೊ, ಅದರ ಚುರುಕೂ ಬೇರೆ. ಹಳೆಯ ಪುಟದ ಪ್ರಮಾಣವನ್ನು ಹಾಗೆಯೇ ತೋಟಕ್ಕಿಳಿಸಿದರೆ ಗಿಡ ಸುಟ್ಟೀತು. ಮಣ್ಣು ಪರೀಕ್ಷೆ ಮಾಡಿಸಿ ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರದಲ್ಲೋ ವಿಟ್ಲದ ಸಿಪಿಸಿಆರ್‌ಐ ಕೇಂದ್ರದಲ್ಲೋ ಕೇಳುವುದು ಆ ಕೆಲಸಕ್ಕೆ ಸರಿಯಾದ ದಾರಿ. ಪತ್ರಿಕೆಯನ್ನು ಓದುವುದು ಚರಿತ್ರೆಗೆ.

ಇದೇ ಹಿಂಜರಿಕೆ ಅಂದಿನ ಅಮೆರಿಕನ್ ರೈತರಿಗೂ ಇತ್ತು. ಅಚ್ಚಿನಲ್ಲಿ ಬಂದ ಬೇಸಾಯವನ್ನು ಅವರು ‘ಬುಕ್ ಫಾರ್ಮಿಂಗ್’ ಎಂದು ಹಂಗಿಸುತ್ತಿದ್ದರು. ನಮ್ಮಲ್ಲಿ ಇದಕ್ಕೆ ‘ಪುಸ್ತಕದ ಬದನೆಕಾಯಿ’ ಎಂಬ ಮಾತು ಸಿದ್ಧವಾಗಿಯೇ ಇದೆ, ಮಟ್ಟುವಿನ ಗುಳ್ಳ ಬೆಳೆಯುವವರ ಮುಂದೆ ಅದನ್ನು ಆಡುವ ಧೈರ್ಯ ಬೇಕಷ್ಟೆ. ಈ ಹಂಗಣೆಗೆ ಸಂಪಾದಕರು ಕೊಟ್ಟ ಉತ್ತರಗಳನ್ನು ಪ್ರತಿ ಪತ್ರಿಕೆಯ ಮೊದಲ ಸಂಚಿಕೆಯಲ್ಲಿ ಹುಡುಕಿ ಓದಿ. ಓದುಗರ ಪತ್ರಗಳಿಗೆ ಅವರು ಏಕೆ ಅಷ್ಟು ಕೈಚಾಚಿದರು, ಹೆಸರಿಲ್ಲದ ‘ಚಂದಾದಾರ’ನ ಪತ್ರಕ್ಕೂ ಏಕೆ ಮಣೆ ಹಾಕಿದರು ಎಂಬುದು ಅಲ್ಲಿ ತಿಳಿಯುತ್ತದೆ: ನೆರೆಯ ರೈತ ಬರೆದದ್ದನ್ನು ಪುಸ್ತಕದ ಬದನೆಕಾಯಿ ಎನ್ನುವುದು ಕಷ್ಟ.

ಟಿಪ್ಪಣಿ ಇಡುವ ಕ್ರಮ

ಈ ಪತ್ರಿಕೆಗಳ ಹೆಸರುಗಳು ಕೂಡುಕುಟುಂಬದ ವಂಶಾವಳಿಯಂತೆ ಹೆಣೆದುಕೊಂಡಿವೆ. 1839ರಲ್ಲಿ ಬ್ಯೂಯಲ್ ತೀರಿಕೊಂಡ ಮೇಲೆ ‘ಜೆನೆಸೀ ಫಾರ್ಮರ್’ನ ಲೂಥರ್ ಟಕರ್ ‘ಕಲ್ಟಿವೇಟರ್’ ಅನ್ನು ತನ್ನ ಪತ್ರಿಕೆಯೊಡನೆ ಒಂದು ಮಾಡಿ ಆಲ್ಬನಿಯಿಂದ ನಡೆಸಿದರು. ರಾಚೆಸ್ಟರ್‌ನವರು ಸುಮ್ಮನಿರದೆ ‘ನ್ಯೂ ಜೆನೆಸೀ ಫಾರ್ಮರ್’ ಹೊರಡಿಸಿದರು. ಟಕರ್ 1846ರಲ್ಲಿ ‘ಹಾರ್ಟಿಕಲ್ಚರಿಸ್ಟ್’, 1853ರಲ್ಲಿ ‘ಕಂಟ್ರಿ ಜಂಟಲ್‌ಮನ್’ ತೆರೆದರು. 1866ರಲ್ಲಿ ‘ಕಲ್ಟಿವೇಟರ್’ ಕೊನೆಯದರೊಳಗೆ ಸೇರಿಹೋಯಿತು. ‘ಹೊಸ ಶ್ರೇಣಿ’, ‘ಮೂರನೆಯ ಶ್ರೇಣಿ’ ಎಂದು ಪತ್ರಿಕೆ ಮತ್ತೆ ಮತ್ತೆ ಎಣಿಕೆ ಆರಂಭಿಸುವುದರಿಂದ ‘ಸಂಪುಟ 3’ ಎಂದು ಮಾತ್ರ ಬರೆದುಕೊಂಡರೆ ಅದು ಯಾವ ದಶಕದ್ದೆಂದು ಬರೆದವರಿಗೇ ತಿಳಿಯದೆ ಹೋಗುತ್ತದೆ. ಸಂಪುಟದ ವರ್ಷವೂ ಜನವರಿಗೆ ಕಟ್ಟುಬಿದ್ದದ್ದಲ್ಲ: ‘ಅಮೆರಿಕನ್ ಫಾರ್ಮರ್’ ಏಪ್ರಿಲ್‌ನಿಂದ, ‘ನ್ಯೂ ಇಂಗ್ಲೆಂಡ್ ಫಾರ್ಮರ್’ ಆಗಸ್ಟ್‌ನಿಂದ ಆರಂಭವಾದವು. ಹೀಗಾಗಿ ಪತ್ರಿಕೆಯ ಪೂರ್ಣ ಹೆಸರು, ಊರು, ಶ್ರೇಣಿ, ಸಂಪುಟ, ಸಂಚಿಕೆಯ ತಾರೀಕು, ಪುಟ, ಸಾಧ್ಯವಾದರೆ ಎಷ್ಟನೆಯ ಅಂಕಣ ಎಂಬುದಿಷ್ಟೂ ಪ್ರತಿ ಟಿಪ್ಪಣಿಯ ತಲೆಯ ಮೇಲೆ ಇರಬೇಕು. ಅದರ ಕೆಳಗೆ ಪ್ರಕಾಶಕನ ಹೆಸರನ್ನೂ ಆ ವರ್ಷ ಅವನು ಮಾರುತ್ತಿದ್ದ ವಸ್ತುವನ್ನೂ ಒಂದು ಸಾಲಿನಲ್ಲಿ ಬರೆಯಿರಿ.

ಜೊತೆಗೆ ನಮ್ಮದೊಂದು ತಾರೀಕನ್ನೂ ಅಂಚಿನಲ್ಲಿ ಗುರುತು ಹಾಕುವ ಅಭ್ಯಾಸವನ್ನು ನಾನು ಮಾಡಿಕೊಂಡಿದ್ದೇನೆ. ಜಾರ್ಜಿಯಾದಲ್ಲಿ ‘ಸದರ್ನ್ ಕಲ್ಟಿವೇಟರ್’ ಆರಂಭವಾದ 1843ರಲ್ಲಿಯೇ, ಜುಲೈ 1ರಂದು, ಮಂಗಳೂರಿನ ಬಾಸೆಲ್ ಮಿಶನ್ನಿನ ಕಲ್ಲಚ್ಚಿನಲ್ಲಿ ಹೆರ್ಮನ್ ಮೋಗ್ಲಿಂಗ್ ಅವರ ‘ಮಂಗಳೂರ ಸಮಾಚಾರ’ ಹೊರಟಿತು. ಒಂದೇ ವರ್ಷದ ಎರಡು ಪತ್ರಿಕೆಗಳನ್ನು ಹೀಗೆ ಅಕ್ಕಪಕ್ಕ ಇಟ್ಟುಕೊಂಡಾಗ ಕಾಗದ ಎಲ್ಲಿಂದ ಬಂತು, ಅಂಚೆ ಯಾರು ಹೊತ್ತರು, ಚಂದಾ ಯಾರು ಕೊಟ್ಟರು ಎಂಬ ಅದೇ ಪ್ರಶ್ನೆಗಳನ್ನು ನಮ್ಮ ಪತ್ರಿಕೆಗೂ ಕೇಳಬಹುದು.

ಕೊನೆಯದಾಗಿ ಒಂದು ವಿವರ. ಗ್ರಂಥಾಲಯಗಳು ಸಂಚಿಕೆಗಳನ್ನು ಒಟ್ಟಿಗೆ ಹೊಲಿಯುವಾಗ ಜಾಹೀರಾತು ತುಂಬಿದ ಹೊರಹೊದಿಕೆಗಳನ್ನು ಕಿತ್ತು ಎಸೆದದ್ದುಂಟು. ಒಂದು ಗ್ರಂಥಾಲಯದ ಪ್ರತಿಯಲ್ಲಿ ಜಾಹೀರಾತೇ ಇಲ್ಲವೆಂದಾದರೆ ಪತ್ರಿಕೆ ಜಾಹೀರಾತು ಹಾಕುತ್ತಿರಲಿಲ್ಲವೆಂದು ಬರೆಯುವ ಮೊದಲು, ಬೇರೆ ಗ್ರಂಥಾಲಯದ ಪ್ರತಿಯನ್ನು ತೆರೆದು ಅದೇ ಸಂಚಿಕೆಯ ಪುಟಗಳನ್ನು ಎಣಿಸಿ ನೋಡಬೇಕು.